ಕ್ಯಾಮೆರಾ ತಿರುಗಿಸಿದವಳ ಹೆಸರು

ಭಾನುವಾರ, ಮಾರ್ಚ್ ೯
ನನ್ನ ರೂಮಿನಿಂದ

ಪ್ರೀತಿಯ ಗುಬ್ಬಿಗೆ,

ನಿನ್ನ ಒಂಟೆಯ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಇತ್ತ ಯಾರೂ ಅಷ್ಟೇನೂ ಕ್ಷೇಮವಾಗಿಲ್ಲ. ಹೋದ ವಾರದಿಂದ ನನಗೆ ಕಂಡವರ ಮೇಲೆಲ್ಲ ಸಿಟ್ಟು ಬರುತ್ತಿದೆ, ಮತ್ತು ನನಗೆ ಸಿಟ್ಟು ಬಂದಾಗ ಅಕ್ಕಪಕ್ಕದವರ ಗತಿ ಏನಾಗುತ್ತದೆ ಎಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರು? ನಿನ್ನ ಮಗಳಿಗೆ ಮೊದಲ ಹಲ್ಲು ಬಂದ ಸುದ್ದಿ, ಜೊತೆಗಿದ್ದ ಫೋಟೋ ಎರಡೂ ತಲುಪಿ ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲ, ತಪ್ಪಾಯಿತು. ಆ ಹಲ್ಲಿಗೆ ಇಷ್ಟು ಹೊತ್ತಿಗೆ ಒಬ್ಬ ತಮ್ಮನೋ ತಂಗಿಯೋ ಹುಟ್ಟಿರಬೇಕು.

"ಫೋನ್ ಮಾಡಬಹುದಿತ್ತಲ್ಲ" ಅನ್ನಬೇಡ. ಫೋನ್ ಮಾಡಿದರೆ ಮಾತು ಸ್ವಲ್ಪ ಗಂಭೀರವಾಗುವ ಹೊತ್ತಿಗೆ ಸರಿಯಾಗಿ, "ಮಗು ಎದ್ಲು ಕಣೇ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ಯಾವ ಮಾತಿಗೆ ಏಳಬೇಕು ಎಂದು ಆ ಮಗುವಿಗೆ ನೀನೇ ಹೇಳಿಕೊಟ್ಟ ಹಾಗಿದೆ. ಕಾಗದವನ್ನು ಹಾಗೆ ನಡುವೆ ಇಡಲು ಬರುವುದಿಲ್ಲ. ಇಟ್ಟರೂ ಅದು ಮೇಜಿನ ಮೇಲೆ ಬಿದ್ದುಕೊಂಡು ನಿನ್ನನ್ನೇ ನೋಡುತ್ತಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನೀನು ಬಿಟ್ಟುಹೋದ ನಮ್ಮ ಖಗೋಳ ಸಂಸ್ಥೆಯ ಸುದ್ದಿ. ನಿನ್ನ ಕುರ್ಚಿಯ ಮೇಲೆ ಈಗ ಪ್ರಿಂಟರು ಕೂತಿದೆ. ಅದೂ ನಿನ್ನ ಹಾಗೆಯೇ, ಯಾವ ಕೆಲಸ ಹೇಳಿದರೂ ಮೊದಲು ಗೊಣಗುತ್ತದೆ, ಆಮೇಲೆ ಮಾಡುತ್ತದೆ. ಕಿಟಕಿಯ ಚಿಲಕ ಇನ್ನೂ ಸರಿಯಾಗಿಲ್ಲ. ಗಾಳಿ ಬಂದರೆ ಗೋಡೆಗೆ ಅಂಟಿಸಿದ ಗ್ಯಾಲಕ್ಸಿಗಳೆಲ್ಲ ಪಟಪಟ ಹೊಡೆದುಕೊಳ್ಳುತ್ತವೆ. ನಿರ್ದೇಶಕರಿಗೆ ನೀನಿಟ್ಟ ಹೆಸರು ಈಗ ಇಡೀ ಸಂಸ್ಥೆಗೆ ಹಬ್ಬಿದೆ. ತಾನು ಹೆಡ್ಮಾಸ್ಟರು ಎಂದು ಗೊತ್ತಿಲ್ಲದವರು ಅವರೊಬ್ಬರೇ. ಈಗಲೂ ನೋಟಿಸ್ ಬೋರ್ಡಿನ ಮುಂದೆ ಕೆಂಪು ಪೆನ್ನು ಹಿಡಿದು ನಿಂತು ಕಂಡಕಂಡವರ ಕಾಗುಣಿತ ತಿದ್ದುತ್ತಾರೆ. ನನ್ನ ಅಮ್ಮ ಪ್ರತಿ ಸಲ ಫೋನಿನಲ್ಲಿ, "ಆ ಗ್ಯಾಲಕ್ಸಿ ಎಲ್ಲಿಗೂ ಓಡಿಹೋಗಲ್ಲ, ನೀನು ಮೊದ್ಲು ನಿದ್ದೆ ಮಾಡು" ಅನ್ನುತ್ತಾಳೆ. ಗ್ಯಾಲಕ್ಸಿಗಳು ಓಡಿಹೋಗುವುದನ್ನೇ ನಾವು ಅಳೆಯುವುದಮ್ಮ ಎಂದರೆ, "ಹಾಗಾದ್ರೆ ಬಿಡು, ಹೋಗ್ಲಿ" ಅನ್ನುತ್ತಾಳೆ.

ಇನ್ನು ಮುಖ್ಯ ವಿಷಯ. ನಮ್ಮ ಪ್ರಬಂಧ ಮುಗಿಯಿತು. ನಾನು ಬರೆದು ಹೆಡ್ಮಾಸ್ಟರಿಗೆ ಕೊಟ್ಟೆ, ಅವರು ತಿದ್ದಿ ಸೋಮವಾರ ವಾಪಸು ಕಳಿಸಿದರು. ತಿದ್ದುಪಡಿಗಳೆಲ್ಲ ಸರಿಯಾಗಿದ್ದವು, ಒಂದನ್ನು ಬಿಟ್ಟು. ಲೇಖಕರ ಸಾಲಿನಲ್ಲಿ ನಿನ್ನ ಹೆಸರಿರಲಿಲ್ಲ. ಹುಡುಕಿದೆ. ಕೊನೆಯ ಪುಟದ ಕೃತಜ್ಞತೆಗಳಲ್ಲಿ, ಟೆಲಿಸ್ಕೋಪಿನ ಸಿಬ್ಬಂದಿಗೂ ಕಂಪ್ಯೂಟರ್ ವಿಭಾಗದವರಿಗೂ ನಡುವೆ ನಿನ್ನನ್ನು ಕೂರಿಸಿ, "ಉಪಯುಕ್ತ ಚರ್ಚೆಗಾಗಿ" ಎಂದು ಒಂದು ವಂದನೆ ಹೇಳಿದ್ದರು.

ಉಪಯುಕ್ತ ಚರ್ಚೆಯಂತೆ! ಕೈ ಕೆಸರು ನಿನ್ನದು, ಬಾಯಿ ಮೊಸರು ನಮ್ಮದು. ನನಗೆ ಮೈಯೆಲ್ಲ ಉರಿದುಹೋಯಿತು.

ನಿನಗೆ ಗೊತ್ತಿರುವುದನ್ನೇ ಈಗ ಮತ್ತೆ ಬರೆಯುತ್ತೇನೆ. ನೀನು ಅದನ್ನು ಮರೆತಿದ್ದೀಯ, ಇಲ್ಲವೇ ಮರೆತ ಹಾಗೆ ನಟಿಸುತ್ತಿದ್ದೀಯ ಎಂದು ನನಗೆ ಅನುಮಾನ. ಹೋದ ವರ್ಷದ ಆ ಶನಿವಾರ ನಾವಿಬ್ಬರೂ ಲಾಂಡ್ರಿಯಲ್ಲಿದ್ದೆವು. ಬಟ್ಟೆ ಯಂತ್ರಕ್ಕೆ ಹಾಕಿ ಸುಮ್ಮನೆ ಕೂರುವವರಿಗೆ ಆಕಾಶದ ವಿಷಯ ಹೇಳಬೇಕು ಎಂಬುದು ನಿನ್ನದೇ ಹುಚ್ಚು. "ಆಡಿಟೋರಿಯಮ್ಮಿಗೆ ಬರೋರು ಹೇಗಿದ್ರೂ ಬರ್ತಾರೆ. ಒದ್ದೆ ಬಟ್ಟೆ ಬಿಟ್ಟು ಓಡಿಹೋಗಕ್ಕಾಗದೆ ಇರೋರ್ನ ಹಿಡೀಬೇಕು" ಎಂದಿದ್ದೆ. ಲಾಂಡ್ರಿ ಅಕ್ಕ ಎರಡು ಯಂತ್ರಗಳ ನಡುವೆ ಹಗ್ಗ ಕಟ್ಟಿ ಬಿಳಿ ಬೆಡ್‌ಶೀಟು ಇಳಿಬಿಟ್ಟಿದ್ದರು. ನಾವು ಪ್ರೊಜೆಕ್ಟರಿನಿಂದ ಅದರ ಮೇಲೆ ನಮ್ಮ ಪ್ರಬಂಧದ ಗ್ಯಾಲಕ್ಸಿಯ ಚಿತ್ರ ಬಿಟ್ಟೆವು. ಅದರ ಪಕ್ಕದಲ್ಲಿ ತೆಳ್ಳಗೆ ಒಂದು ಮಂಕು ಬೆಳಕಿನ ಎಳೆ. ದೊಡ್ಡ ಗ್ಯಾಲಕ್ಸಿಯೊಂದು ಪುಟ್ಟದೊಂದನ್ನು ಹರಿದು ನುಂಗುವಾಗ ಉಳಿದ ಚೂರು ಅದು ಎಂದು ನಾನು ಬಡಾಯಿ ಕೊಚ್ಚುತ್ತಿದ್ದೆ. ಆಗ ಯೂನಿಫಾರ್ಮ್ ಒಗೆಯಲು ಬಂದಿದ್ದ ಬಸ್ ಡ್ರೈವರು ಎದ್ದು ನಿಂತು, "ಮೇಡಂ, ಅದು ಗ್ಯಾಲಕ್ಸಿದಾ, ಇಲ್ಲ ಬೆಡ್‌ಶೀಟಿನ ಕಲೆನಾ?" ಎಂದು ಕೇಳಿದರು.

ಎಲ್ಲರೂ ನಕ್ಕರು. ಲಾಂಡ್ರಿ ಅಕ್ಕನಿಗೆ ಮಾತ್ರ ಅವಮಾನವಾಗಿ, "ನನ್ನ ಶೀಟಲ್ಲಿ ಕಲೆ ಇದೆ ಅಂತೀಯಾ?" ಎಂದು ಜಗಳಕ್ಕೇ ನಿಂತರು. ನೀನು ಸುಮ್ಮನೆ ಹೋಗಿ ಬೆಡ್‌ಶೀಟಿನ ತುದಿ ಹಿಡಿದು ಪಕ್ಕಕ್ಕೆ ಎಳೆದೆ. "ನೋಡಿ, ಕಲೆ ಆದ್ರೆ ಬಟ್ಟೆ ಜೊತೆ ಬರುತ್ತೆ. ಚಿತ್ರದ್ದಾದ್ರೆ ಅಲ್ಲೇ ಇರುತ್ತೆ." ಎಳೆ ಅಲ್ಲೇ ಇತ್ತು. ಅಕ್ಕನ ಮರ್ಯಾದೆ ಉಳಿಯಿತು. ಆದರೆ ನೀನು ಬಟ್ಟೆಯನ್ನು ಬಿಡಲೇ ಇಲ್ಲ. ತುದಿ ಹಿಡಿದುಕೊಂಡು, ಬಾಯಿ ಅರ್ಧ ತೆರೆದು, ಗರ ಬಡಿದವಳ ಹಾಗೆ ನಿಂತುಬಿಟ್ಟೆ. ಮಾತು ಮರೆತುಹೋಯಿತೇನೋ ಎಂದು ಡ್ರೈವರು ಚಪ್ಪಾಳೆ ತಟ್ಟಿ ಹುರಿದುಂಬಿಸಿದರು.

ಮಾರನೆಯ ದಿನ ನೀನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಒಂಟೆ, ಕ್ಯಾಮೆರಾನೇ ನಮ್ಮ ಬೆಡ್‌ಶೀಟು ಕಣೇ. ಅದನ್ನ ತಿರುಗಿಸೋಣ." ಪಕ್ಕದ ಹೊಳೆಯುವ ನಕ್ಷತ್ರದ ಬೆಳಕು ಕ್ಯಾಮೆರಾದೊಳಗೆ ಚದುರಿ ಸುಳ್ಳು ಮಬ್ಬು ಹುಟ್ಟಿಸುತ್ತದೆ. ಕ್ಯಾಮೆರಾವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಚಿತ್ರ ತೆಗೆದರೆ ಸುಳ್ಳು ಮಬ್ಬು ಅದರ ಜೊತೆ ತಿರುಗುತ್ತದೆ, ಆಕಾಶದಲ್ಲಿ ನಿಜವಾಗಿ ಇರುವುದು ಇದ್ದಲ್ಲೇ ಇರುತ್ತದೆ. ಹೇಳಿದ ಮೇಲೆ ಎಲ್ಲರಿಗೂ "ಅಯ್ಯೋ, ಇಷ್ಟೇನಾ" ಅನ್ನಿಸುವಂಥದ್ದು. ಹೇಳುವ ತನಕ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೆಡ್ಮಾಸ್ಟರು ಮೊದಲು ನಕ್ಕರು, ಆಮೇಲೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ "ನೋಡೋಣ" ಎಂದರು. ನೀನು ಅವರ ಬೆನ್ನು ಬಿಡಲಿಲ್ಲ. ಟೆಲಿಸ್ಕೋಪು ಇರುವ ದೇಶದಲ್ಲಿ ರಾತ್ರಿ, ನಮಗೆ ಹಾಡಹಗಲು. ಆರು ತಿಂಗಳ ಬಸುರಿ ನೀನು, ಕಾಲು ಊದಿಕೊಂಡಿದ್ದರೂ ಎರಡನೇ ಕುರ್ಚಿಯ ಮೇಲೆ ಕಾಲು ಚಾಚಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪರದೆಯ ಮುಂದೆ ಕೂತಿದ್ದೆ. ಮಬ್ಬುಗಳೆಲ್ಲ ಒಂದೊಂದಾಗಿ ತಿರುಗಿಹೋದವು. ಆ ಎಳೆ ಮಾತ್ರ ಅಲುಗಲಿಲ್ಲ. ನೀನು ಕುಣಿಯಲಾರದೆ ಮೇಜು ಬಡಿದು ಬಡಿದು ನಗುತ್ತಿದ್ದೆ.

ಇದು ಉಪಯುಕ್ತ ಚರ್ಚೆಯಾ? ಇದೇ ಪ್ರಬಂಧ. ಉಳಿದದ್ದೆಲ್ಲ ನಾನು ಹೊದಿಸಿದ ವಾಕ್ಯಗಳು.

ಮಂಗಳವಾರ ಹೆಡ್ಮಾಸ್ಟರ ಕೋಣೆಗೆ ಹೋದೆ. ಬಾಗಿಲು ತಟ್ಟಿದೆನೋ ಇಲ್ಲವೋ ನೆನಪಿಲ್ಲ. ಅವರು ಬಿಸಿನೀರು ಊದಿ ಊದಿ ಕುಡಿಯುತ್ತಿದ್ದರು.

"ಸರ್, ಒಂದು ಹೆಸರು ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲ, ಬಿಟ್ಟಿದ್ದೀವಿ. ಅವಳು ಈಗ ಇಲ್ಲಿ ಕೆಲಸ ಮಾಡ್ತಿಲ್ಲ."

"ಅವಳು ಹೋಗಿದ್ದಾಳೆ ಸರ್. ಅವಳು ಮಾಡಿದ ಕೆಲಸ ಹೋಗಿಲ್ಲವಲ್ಲ."

"ಕ್ಯಾಮೆರಾ ತಿರುಗಿಸೋದು ಏನು ಮಹಾ ವಿದ್ಯೆನಾ? ಅದು ಸಾಮಾನ್ಯ ಜ್ಞಾನ."

"ಹಾಗಾದ್ರೆ ಅವಳು ಹೇಳೋ ತನಕ ಆ ಸಾಮಾನ್ಯ ಜ್ಞಾನ ನಮ್ಮಿಬ್ಬರಲ್ಲಿ ಯಾರ ಹತ್ರ ಇತ್ತು ಸರ್?"

ಅವರ ಕೈಯ ಲೋಟ ಮೇಜಿಗೆ ಬಂತು. ಅವರು ಕೆಟ್ಟವರಲ್ಲ ಗುಬ್ಬಿ, ಅದು ನನಗೂ ಗೊತ್ತು. ನಮಗಿಬ್ಬರಿಗೂ ಕಲಿಸಿದವರೇ ಅವರು. ಅದಕ್ಕೇ ಇನ್ನಷ್ಟು ಸಿಟ್ಟು ಬಂದದ್ದು. "ಹೊಟ್ಟೆಗೆ ಹಾಕ್ಕೊಳ್ಳಮ್ಮ," ಎಂದರು, "ಹಾವೂ ಸಾಯಬಾರದು, ಕೋಲೂ ಮುರೀಬಾರದು." ನನ್ನ ಹೊಟ್ಟೆಯಲ್ಲಿ ಇನ್ನು ಜಾಗ ಇಲ್ಲ ಸರ್, ಕೋಲು ಮುರಿದರೆ ಮುರಿಯಲಿ ಎಂದು ಎದ್ದುಬಂದೆ. ಬಾಗಿಲ ಹತ್ತಿರ ಅವರು ಇನ್ನೊಂದು ಮಾತು ಹೇಳಿದರು. ಅದನ್ನು ಈಗ ಬರೆಯುವುದಿಲ್ಲ. ಬರೆದರೆ ಈ ಕಾಗದ ಮುಂದಕ್ಕೆ ಹೋಗುವುದಿಲ್ಲ.

ಗುರುವಾರ ಬೆಳಿಗ್ಗೆ ಪ್ರಬಂಧವನ್ನು ವಿಜ್ಞಾನ ಪತ್ರಿಕೆಗೆ ಕಳಿಸಿದೆ. ಕಳಿಸುವ ಜವಾಬ್ದಾರಿ, ಪಾಸ್‌ವರ್ಡು ಎಲ್ಲ ನನ್ನವೇ ತಾನೇ? ಲೇಖಕರ ಸಾಲಿನಲ್ಲಿ ಮೊದಲು ನಿನ್ನ ಹೆಸರು, ಆಮೇಲೆ ನನ್ನದು, ಕೊನೆಗೆ ಅವರದು. ಒಳಗೆ, ಕ್ಯಾಮೆರಾ ತಿರುಗಿಸುವ ಭಾಗದ ಆರಂಭದಲ್ಲಿ, ಈ ಉಪಾಯ ಯಾರದು ಎಂದು ಸ್ಪಷ್ಟವಾಗಿ ಒಂದು ವಾಕ್ಯ ಸೇರಿಸಿದೆ.

ಪ್ರಬಂಧ ತಲುಪಿತೆಂಬ ಪತ್ರಿಕೆಯವರ ಇಮೇಲು ಹೆಡ್ಮಾಸ್ಟರಿಗೂ ಹೋಗುತ್ತದೆ. ಶುಕ್ರವಾರ ಕರೆಸಿದರು. ಈ ಸಲ ಬಿಸಿನೀರೂ ಇರಲಿಲ್ಲ.

"ನಿನ್ನ ನೇಮಕ ಮುಂದುವರಿಸೋ ಕಾಗದ ಮುಂದಿನ ತಿಂಗಳು ನನ್ನ ಮೇಜಿಗೆ ಬರುತ್ತೆ. ಗೊತ್ತಿದೆಯೇನಮ್ಮ?"

"ಗೊತ್ತಿದೆ ಸರ್. ಅದರಲ್ಲಿ ಏನು ಬರೀತೀರೋ ಬರೀರಿ. ಇದರಲ್ಲಿ ಇರೋದು ನಿಜ ಅಲ್ಲ ಅಂತ ಮಾತ್ರ ಬರೆಯಕ್ಕಾಗಲ್ಲ."

"ಬಹಳ ಮೊಂಡು ನೀನು."

"ಮೊಂಡರು ರಾಜನಿಗಿಂತ ಬಲಿಷ್ಠರು ಅಂತ ಗಾದೆ ಇದೆ ಸರ್."

ಅವರಿಗೆ ನಗು ಬಂತು, ನುಂಗಿಕೊಂಡರು. ಪ್ರಬಂಧವನ್ನು ಹಿಂದಕ್ಕೆ ತೆಗೆಸುತ್ತೇನೆ ಎಂದು ಹೇಳಲಿಲ್ಲ. ಹೇಳಿದ್ದು ಇಷ್ಟೇ: "ಪತ್ರಿಕೆಯವರು ಒಬ್ಬೊಬ್ಬ ಲೇಖಕರ ಒಪ್ಪಿಗೆ ಕೇಳ್ತಾರೆ. ಅವಳು ಒಪ್ಪಿದ್ರೆ ನಾನೂ ಒಪ್ತೀನಿ. ಒಪ್ಪದೆ ಇದ್ರೆ ಆಮೇಲೆ ನನ್ನ ಹತ್ರ ಬಂದು ಕೂಗಾಡಬೇಡ." ಇನ್ನೂ ಒಂದು ಅಪ್ಪಣೆಯಾಯಿತು. ಇನ್ನುಮೇಲೆ ಲಾಂಡ್ರಿ, ಗಿಂಡ್ರಿ ಎಲ್ಲ ಬಂದ್. ಪ್ರಬಂಧ ಅಚ್ಚಾದ ಮೇಲೆ ಆಡಿಟೋರಿಯಮ್ಮಿನಲ್ಲಿ ಸಂಸ್ಥೆಯ ಬ್ಯಾನರಿನ ಕೆಳಗೆ ಸಮಾರಂಭ, ಅಲ್ಲಿಯವರೆಗೆ ನನ್ನ ಬಾಯಿಗೆ ಬೀಗ.

ನಿನ್ನೆ ಶನಿವಾರ. ಪ್ರೊಜೆಕ್ಟರನ್ನು ಹೆಗಲಿಗೆ ಹಾಕಿಕೊಂಡು ನೇರ ಲಾಂಡ್ರಿಗೆ ಹೋದೆ.

ಎಂದಿನ ಜನರೇ. ಆಸ್ಪತ್ರೆಯ ನರ್ಸುಗಳು, ಬಸ್ ಡ್ರೈವರು, ಕಾಲುಚೀಲದ ಜೋಡಿ ಹುಡುಕುವ ತಾತ. ಲಾಂಡ್ರಿ ಅಕ್ಕ ನಿನ್ನನ್ನು ಬೆಡ್‌ಶೀಟ್ ಮೇಡಂ ಎಂದೇ ಕರೆಯುವುದು. "ಬೆಡ್‌ಶೀಟ್ ಮೇಡಂ ಇನ್ನೂ ಬಂದಿಲ್ವಾ?" ಎಂದು ಪ್ರತಿ ವಾರ ಕೇಳುತ್ತಾರೆ, ನೀನು ಬೀದಿ ಆಚೆ ಎಲ್ಲೋ ಹೋಗಿದ್ದೀಯ ಅನ್ನುವ ಹಾಗೆ. ನಾನು ಎರಡು ಚಿತ್ರಗಳನ್ನು ತೋರಿಸಿದೆ, ತಿರುಗಿಸುವ ಮೊದಲಿನದು, ತಿರುಗಿಸಿದ ಮೇಲಿನದು. ಎಲ್ಲ ಹೇಳಿದೆ. ಇದು ಇದೇ ಹಗ್ಗದ ಕೆಳಗೆ ಹುಟ್ಟಿದ್ದು, ಇದನ್ನು ಹುಟ್ಟಿಸಿದವಳ ಹೆಸರು ಇದು, ಅದನ್ನು ಸಾಲಿನಿಂದ ತೆಗೆದಿದ್ದರು, ನಾನು ಮತ್ತೆ ಹಾಕಿದ್ದೇನೆ, ಅದಕ್ಕೆ ನನ್ನ ಕೆಲಸ ಹೋದರೂ ಹೋಗಬಹುದು ಎಂದೆ. ನಿನ್ನ ಪೂರ್ತಿ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಅವರಿಗೆ ಅದು ಗೊತ್ತೇ ಇರಲಿಲ್ಲ.

ಆಮೇಲೆ ಡ್ರೈವರು ಕೇಳಿದರು: "ಪ್ರಶ್ನೆ ಕೇಳಿದ್ದು ನಾನಲ್ವಾ ಮೇಡಂ? ನನ್ನ ಹೆಸರು?" ನಿಮ್ಮದನ್ನು ಕೃತಜ್ಞತೆಯಲ್ಲಿ ಹಾಕುತ್ತೇನೆ, ಉಪಯುಕ್ತ ಚರ್ಚೆಗಾಗಿ ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಲಾಂಡ್ರಿ ಅಕ್ಕ ಮಾತ್ರ, "ಆ ಹುಡುಗಿ ಏನಂತಾಳೆ ಇದಕ್ಕೆ?" ಎಂದು ಕೇಳಿದರು. ನಾನು ತಂತಿ ಸುತ್ತುವ ನೆಪದಲ್ಲಿ ಬಗ್ಗಿಕೊಂಡೆ.

ಮುಂದಿನ ಶನಿವಾರವೂ ಹೋಗುತ್ತೇನೆ. ಅದರ ಮುಂದಿನ ಶನಿವಾರವೂ. ಸಂಸ್ಥೆಯ ಪ್ರೊಜೆಕ್ಟರು ಕಿತ್ತುಕೊಂಡರೆ ಬಾಯಲ್ಲೇ ಹೇಳುತ್ತೇನೆ. ಬಾಯಿ ನನ್ನದೇ, ಸಂಸ್ಥೆಯ ಆಸ್ತಿಯಲ್ಲ.

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು. ಅವರು ಹೆಣೆದು ಕಳಿಸಿದ ಸ್ವೆಟರಿನ ತೋಳು ನನ್ನ ಮೊಣಕೈಗೇ ನಿಂತಿದೆ, ಆದರೂ ಹಾಕಿಕೊಂಡೇ ಇದ್ದೇನೆ ಎಂದು ತಿಳಿಸು. ನಿಮ್ಮ ಮನೆಯವರಿಗೂ ಹೇಳು. ಬಾಣಂತನದಲ್ಲಿ ರಜ ಹಾಕಿ ಮಗುವಿನ ಬಟ್ಟೆ ಒಗೆದ ಗಂಡಸಿನ ಮೇಲೆ ನನಗೆ ಯಾವ ದೂರೂ ಇಲ್ಲ. ಮಗಳಿಗೆ ಈ ಎತ್ತರದ ದೊಡ್ಡಮ್ಮನ ಆಶೀರ್ವಾದ. ಅವಳಿಗೆ ಒಳ್ಳೆಯ ಹಲ್ಲುಗಳು ಬರಲಿ, ಕಚ್ಚಬೇಕಾದಲ್ಲಿ ಕಚ್ಚುವ ಧೈರ್ಯವೂ ಬರಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆ ಮಾಡು.

ಎಂದೆಂದಿಗೂ ನಿನ್ನ,
ಒಂಟೆ

ತಾ.ಕ.: ಇಲ್ಲಿಗೆ ಮುಗಿಸಿ ಅಂಟು ಹಚ್ಚೋಣ ಎಂದುಕೊಂಡೆ. ಆಗಲಿಲ್ಲ. ಬಾಗಿಲ ಹತ್ತಿರ ಹೆಡ್ಮಾಸ್ಟರು ಹೇಳಿದ್ದನ್ನು ಬರೆಯುತ್ತೇನೆ. "ಆ ಹೆಸರು ತೆಗೀಬೇಕು ಅಂದಿದ್ದು ನಾನಲ್ಲಮ್ಮ. ಅವಳೇ ಫೋನ್ ಮಾಡಿ ತೆಗೆಸಿದ್ದು. ಅದು ಅಚ್ಚಾಗಿ ಬಂದ್ರೆ ತಾನು ಏನು ಬಿಟ್ಟೆ ಅಂತ ತನಗೆ ಗೊತ್ತಾಗಿಬಿಡುತ್ತೆ ಸರ್, ಬೇಡ ಅಂದ್ಲು. ನಿನಗೆ ಹೇಳ್ಬೇಡಿ ಅಂದ್ಲು. ತುಂಬ ಅತ್ಲು." ಸಾಮಾನ್ಯ ಜ್ಞಾನ, ಕೆಲಸ ಬಿಟ್ಟವಳು ಎಂಬ ಮಾತೆಲ್ಲ ನಿನಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಆ ಮನುಷ್ಯ ಹೊತ್ತುಕೊಂಡದ್ದು. ನಾನು ಕೋಣೆಗೆ ನುಗ್ಗಿ ಜಗಳಾಡಿದ್ದು ಅವರ ಜೊತೆಯಲ್ಲ, ನಿನ್ನ ಜೊತೆ. ನನಗೆ ಅದು ಗೊತ್ತಿರಲಿಲ್ಲ, ಅಷ್ಟೇ. ಗೊತ್ತಾದ ಮೇಲೂ ಗುರುವಾರ ನಿನ್ನ ಹೆಸರನ್ನೇ ಮೊದಲು ಹಾಕಿ ಕಳಿಸಿದೆ.

ನೀನು ಕೆಲಸ ಬಿಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ಬಿಟ್ಟದ್ದು ನಿನ್ನಿಷ್ಟ, ಸುಖವಾಗಿರು. ಆದರೆ ಮಾಡಿದ್ದನ್ನು ಮಾಡಿಯೇ ಇಲ್ಲ ಅನ್ನಲು ನಿನಗೂ ಹಕ್ಕಿಲ್ಲ, ಅಲ್ಲಿ ನಾನೂ ಇದ್ದೆ. ಪತ್ರಿಕೆಯವರ ಇಮೇಲು ಈ ಕಾಗದಕ್ಕಿಂತ ಮೊದಲೇ ಬಂದಿರುತ್ತದೆ, ನೀನು ಅದನ್ನು ತೆರೆಯದೆ ಬಿಟ್ಟಿರುತ್ತೀಯ. ತೆರೆ. ಒಪ್ಪಿಗೆ ಇದೆ ಎಂದು ಒತ್ತುವುದಾದರೆ ಒತ್ತು. ಇಲ್ಲ ಎಂದು ಒತ್ತಿದರೆ ನನ್ನ ಹೆಸರನ್ನೂ ತೆಗೆಸುತ್ತೇನೆ. ಹೆಡ್ಮಾಸ್ಟರು ಒಬ್ಬರೇ ಅಚ್ಚಾಗಲಿ, ಕಾಗುಣಿತವಾದರೂ ಸರಿಯಾಗಿರುತ್ತದೆ. ಇದು ಬೆದರಿಕೆಯೇ, ಬೇರೆ ಅರ್ಥ ಹುಡುಕಬೇಡ.

ಎಂಟು ತಿಂಗಳು ನೀನು ನನಗೆ ಹಲ್ಲಿನ ವಿಷಯ ಬರೆದೆ, ಸ್ವೆಟರಿನ ವಿಷಯ ಬರೆದೆ, ಮಗು ಮಗುಚಿಕೊಂಡದ್ದು ಬರೆದೆ. ಪ್ರತಿ ಕಾಗದವನ್ನೂ ನಾನು ನಗುತ್ತ ಓದಿದೆ. ಒತ್ತು, ಬಿಡು, ಅದು ಆಮೇಲಿನ ಮಾತು. ಅಳುವುದಿದ್ದರೆ ನನ್ನ ಹತ್ತಿರ ಅಳಬೇಕಿತ್ತು ಕಣೇ.